ಬೋರಿಂಗ್ ಆದ ಮೇಲೂ ಎಣ್ಣೆ ಸೋರುವ ಎಂಜಿನ್ನು

ಹಳೆಯ ಮೋಟಾರು ಕಾರಿನ ಎಂಜಿನ್ನನ್ನು ಕೆಳಗಿಳಿಸಿ, ಸಿಲಿಂಡರುಗಳಿಗೆ ಬೋರಿಂಗ್ ಮಾಡಿಸಿ, ಕ್ರ್ಯಾಂಕ್ ಶಾಫ್ಟನ್ನು ಗ್ರೈಂಡ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು, ಹೊಸ ಬೇರಿಂಗುಗಳನ್ನು ಜೋಡಿಸಿ, ಸಂಧಿಸಂಧಿಗೂ ಹೊಸ ಪ್ಯಾಕಿಂಗ್ ಹಾಕಿಸಿ, ಸಾಕಷ್ಟು ದ್ರವ್ಯವನ್ನೂ ಅದಕ್ಕಿಂತ ಹೆಚ್ಚಿನ ತಾಳ್ಮೆಯನ್ನೂ ವ್ಯಯಿಸಿ ಗಾಡಿಯನ್ನು ಮನೆಗೆ ತಂದವನಿಗೆ, ಮರುದಿನ ಬೆಳಿಗ್ಗೆ ನೆಲದ ಮೇಲೆ ಕಾಣುವ ಅಂಗೈಯಗಲದ ಎಣ್ಣೆಯ ಕಲೆ ಉಂಟುಮಾಡುವ ಖೇದ ಸಾಮಾನ್ಯವಾದುದಲ್ಲ. ಎಂಜಿನ್ನು ಜೀರ್ಣವಾಗಿದ್ದಾಗ ಸೋರುತ್ತಿರಲಿಲ್ಲ, ಜೀರ್ಣೋದ್ಧಾರವಾದ ಮೇಲೆ ಸೋರುತ್ತಿದೆ. ಆದುದರಿಂದ ಕೆಲಸ ಮಾಡಿದವನು ಎಲ್ಲೋ ಪ್ರಮಾದವೆಸಗಿದ್ದಾನೆ ಎಂದು ಯಜಮಾನನು ತರ್ಕಿಸುತ್ತಾನೆ. "ಹೊಸ ಎಂಜಿನ್ ಸಾರ್, ನಾಲ್ಕು ದಿನ ಓಡಲಿ, ತಾನೇ ನಿಲ್ಲುತ್ತೆ" ಎಂದು ಮೆಕ್ಯಾನಿಕ್ಕನು ಸಮಾಧಾನ ಹೇಳುತ್ತಾನೆ. ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಎರಡೂ ಪರೀಕ್ಷೆಗೆ ಮೊದಲೇ ಆಡಿದ ಮಾತುಗಳಾದುದರಿಂದ ಅವುಗಳಿಂದ ಒಂದು ಹನಿಯೂ ನಿಲ್ಲಲಾರದು.

ಜೀರ್ಣೋದ್ಧಾರಗೊಂಡ ಎಂಜಿನ್ನಿಗೆ ಸೋರುವುದಕ್ಕೆ ತನ್ನವೇ ಆದ ಕಾರಣಗಳುಂಟು. ಹತ್ತಾರು ವರ್ಷ ಒಂದಕ್ಕೊಂದು ಅಂಟಿಕೊಂಡು ಕುಳಿತಿದ್ದ ಲೋಹಮುಖಗಳನ್ನು ಬೇರ್ಪಡಿಸಿ ಮತ್ತೆ ಕೂಡಿಸಿದೆ. ಲೇತಿನವನು ಅಳತೆಗಳನ್ನು ಬದಲಿಸಿದ್ದಾನೆ. ರಿಂಗುಗಳು ಸಿಲಿಂಡರಿನ ಗೋಡೆಗೆ ಇನ್ನೂ ಹೊಂದಿಕೊಂಡಿಲ್ಲ. ಮೊದಲು ಎಣ್ಣೆಯ ಕಿಟ್ಟವೇ ಮುಚ್ಚಿಟ್ಟಿದ್ದ ಸಣ್ಣ ಬಿರುಕುಗಳು ಶುಚಿಯಾದ ಲೋಹದಲ್ಲಿ ಬಾಯಿ ತೆರೆದುಕೊಂಡಿವೆ. ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನೋಡಿದಾಗ, ಎಣ್ಣೆ ಎಲ್ಲಿಂದ ಹೊರಬರುತ್ತಿದೆ ಎಂಬ ಪ್ರಶ್ನೆಯ ಜೊತೆಗೆ, ಅದನ್ನು ಹೊರಕ್ಕೆ ತಳ್ಳುತ್ತಿರುವ ಬಲ ಯಾವುದು ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂಬುದು, ಮತ್ತು ಈ ಎರಡನೆಯದನ್ನು ಕೇಳದೆ ಸ್ಪ್ಯಾನರಿಗೆ ಕೈಹಾಕಿದವರು ಒಂದೇ ಸೀಲನ್ನು ಮತ್ತೆ ಮತ್ತೆ ಬದಲಿಸುತ್ತ ಕುಳಿತುಕೊಳ್ಳುವರೆಂಬುದು, ಈ ಲೇಖನದ ಅಭಿಪ್ರಾಯ.

ಉದಾಹರಣೆಗೆ ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ಒಂದು ಎಂಜಿನ್ನನ್ನೇ ತೆಗೆದುಕೊಳ್ಳೋಣ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ತಯಾರಿಸುತ್ತಿದ್ದ, 2014ರ ಮೇ ತಿಂಗಳಲ್ಲಿ ಉತ್ಪಾದನೆ ನಿಂತುಹೋದ ಅಂಬಾಸಡರ್ ಕಾರು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಗಾಡಿಯಿಂದ ಹುಟ್ಟಿದುದೆಂಬುದು ಸುವಿದಿತ. ಅದರಲ್ಲಿ ಬಹುಕಾಲ ಇದ್ದದ್ದು ಬಿ.ಎಂ.ಸಿ. ಸಂಸ್ಥೆಯ 'ಬಿ' ಶ್ರೇಣಿಯ ಎಂಜಿನ್ನು: ನಾಲ್ಕು ಸಿಲಿಂಡರು, 73 ಮಿಲಿಮೀಟರಿನ ಬೋರು, 88.9 ಮಿಲಿಮೀಟರಿನ ಸ್ಟ್ರೋಕು, ಒಟ್ಟು 1489 ಘನ ಸೆಂಟಿಮೀಟರು, ಕ್ರ್ಯಾಂಕಿಗೆ ಮೂರೇ ಮೂರು ಮೇನ್ ಬೇರಿಂಗು. 1947ರಲ್ಲಿ ಆಸ್ಟಿನ್ ಕಂಪನಿಯ ಒಂದು ಚಿಕ್ಕ ಕಾರಿನಲ್ಲಿ ಮೊದಲು ಕಾಣಿಸಿಕೊಂಡ ಈ ವಂಶ, 1992ರಲ್ಲಿ ಜಪಾನಿನ ಇಸುಝು ವಿನ್ಯಾಸದ 1800 ಸಿ.ಸಿ. ಪೆಟ್ರೋಲ್ ಎಂಜಿನ್ನು ಅಂಬಾಸಡರಿಗೆ ಬರುವವರೆಗೂ ನಮ್ಮ ಸರಕಾರಿ ಕಚೇರಿಗಳ ಅಂಗಳಗಳಲ್ಲಿ, ಬಾಡಿಗೆ ಕಾರುಗಳ ನಿಲ್ದಾಣಗಳಲ್ಲಿ, ಮಲೆನಾಡಿನ ತೋಟದ ಮನೆಗಳ ಕೊಟ್ಟಿಗೆಗಳಲ್ಲಿ ಏಕಪ್ರಕಾರವಾಗಿ ದುಡಿಯಿತು. ಇಂದಿಗೂ ಅದನ್ನು ಪ್ರೀತಿಯಿಂದ ಉಳಿಸಿಕೊಂಡಿರುವವರು ಕರ್ನಾಟಕದಲ್ಲಿ ಅನೇಕರಿದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದರ ಪ್ಯಾಕಿಂಗ್ ಸೆಟ್ಟನ್ನು ಕೇಳಿದರೆ ಯಾವ ಮಾಡೆಲ್ಲು ಎಂದಷ್ಟೇ ಮರುಪ್ರಶ್ನೆ ಬರುತ್ತದೆ. ಎಣ್ಣೆ ಸೋರುವ ವಿಷಯದಲ್ಲಿ ಈ ಎಂಜಿನ್ನು ಒಂದು ಪಾಠಶಾಲೆಯೇ ಸರಿ, ಏಕೆಂದರೆ ಸೋರಬಲ್ಲ ಸ್ಥಾನಗಳೆಲ್ಲವೂ ಇದರಲ್ಲಿ ಇವೆ, ಮತ್ತು ಅವುಗಳಲ್ಲಿ ಒಂದು, ಮುಂದೆ ವಿವರಿಸುವಂತೆ, ಇಂದಿನ ಎಂಜಿನ್ನುಗಳಲ್ಲಿ ಕಾಣದ ವಿಶಿಷ್ಟ ರಚನೆ.

ಸೋರಿಕೆಯನ್ನು ಕೇವಲ ಅಸಹ್ಯದ ವಿಷಯವೆಂದು ತಿಳಿಯುವುದು ಸರಿಯಲ್ಲ. ಒಂದು ಮಿಲಿಲೀಟರಿಗೆ ಮೂವತ್ತು ಹನಿಯೆಂದಿಟ್ಟುಕೊಂಡರೆ, ನಿಮಿಷಕ್ಕೊಂದರಂತೆ ತೊಟ್ಟಿಕ್ಕುವ ಹನಿ ಒಂದು ಹಗಲಿರುಳಿನಲ್ಲಿ 48 ಮಿಲಿಲೀಟರಾಗುತ್ತದೆ. ಮೂರು ವಾರದಲ್ಲಿ ಒಂದು ಲೀಟರು. ಎಂಜಿನ್ನಿನ ತಳದಲ್ಲಿ ಸುಮಾರು ನಾಲ್ಕು ಲೀಟರು ಎಣ್ಣೆ ಹಿಡಿಯುವ ಚೇಂಬರಿನಿಂದ ಒಂದು ಲೀಟರು ಹೋಯಿತೆಂದರೆ, ತಿರುವಿನಲ್ಲಿ ಅಥವಾ ಘಾಟಿಯ ಏರಿನಲ್ಲಿ ಪಂಪು ಎಣ್ಣೆಗೆ ಬದಲಾಗಿ ಗಾಳಿಯನ್ನು ಹೀರುವ ಸಂಭವ ಹತ್ತಿರವಾಯಿತೆಂದೇ ಅರ್ಥ. ಹಿಂಭಾಗದಿಂದ ಸೋರಿದ ಎಣ್ಣೆ ಕ್ಲಚ್ ಪ್ಲೇಟನ್ನು ತಲುಪಿದರೆ ಕ್ಲಚ್ಚು ಜಾರುತ್ತದೆ, ಗಾಡಿ ಹೊರಡುವಾಗ ನಡುಗುತ್ತದೆ. ಮೇಲಿನಿಂದ ಸೋರಿದುದು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಮೇಲೆ ಬಿದ್ದರೆ ಮೊದಲು ಹೊಗೆ, ಅನಂತರ ಬೆಂಕಿಯ ಭಯ. ರಬ್ಬರಿನ ಮೌಂಟುಗಳು ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತವೆ. ಇನ್ನು ಬಾವಿಯ ಹತ್ತಿರದ, ತೋಟದ ನಡುವಿನ ಮಣ್ಣಿಗೆ ಇಂಗುವ ಎಣ್ಣೆಯ ವಿಚಾರವನ್ನು ಹಳ್ಳಿಯಲ್ಲಿ ಗಾಡಿ ನಿಲ್ಲಿಸುವವರು ವಿಶೇಷವಾಗಿ ನೆನೆಯತಕ್ಕದ್ದು.

ಎಂಜಿನ್ನಿನೊಳಗೆ ಎಣ್ಣೆ ಎರಡು ಸ್ಥಿತಿಗಳಲ್ಲಿ ಇರುತ್ತದೆ ಎಂಬುದನ್ನು ಗ್ರಹಿಸಿದರೆ ಅರ್ಧ ನಿದಾನವಾದಂತೆಯೇ. ಪಂಪಿನಿಂದ ಹೊರಟು ಫಿಲ್ಟರಿನ ಮೂಲಕ ಬ್ಲಾಕಿನ ಉದ್ದಕ್ಕೂ ಇರುವ ನಾಳದಲ್ಲಿ ಹರಿದು ಬೇರಿಂಗುಗಳನ್ನು ಸೇರುವ ತನಕ ಅದು ಒತ್ತಡದಲ್ಲಿರುತ್ತದೆ. ಬೇರಿಂಗುಗಳ ಅಂಚಿನಿಂದ ಹೊರಬಿದ್ದ ಕ್ಷಣದಿಂದ, ಚಿಮ್ಮಿ, ಗೋಡೆಗಳ ಮೇಲೆ ಇಳಿದು, ಚೇಂಬರನ್ನು ಸೇರುವ ತನಕ ಸ್ವಂತ ಭಾರದಿಂದಷ್ಟೇ ಚಲಿಸುತ್ತದೆ. ಒತ್ತಡದ ಪಾಳಯದಲ್ಲಿ, ಎಂದರೆ ಫಿಲ್ಟರಿನ ಸಂಧಿ, ಆಯಿಲ್ ಪ್ರೆಷರ್ ಸ್ವಿಚ್ಚು, ಗೇಜಿಗೆ ಹೋಗುವ ಸಣ್ಣ ಕೊಳವೆ, ನಾಳಗಳ ತುದಿಗೆ ಬಡಿದ ಬಿರಡೆ, ಇವುಗಳಲ್ಲಿ ದೋಷವಿದ್ದರೆ ಎಂಜಿನ್ನು ಓಡುವಾಗ ಎಣ್ಣೆ ಚಿಮ್ಮುತ್ತದೆ, ನಿಂತೊಡನೆ ನಿಲ್ಲುತ್ತದೆ. ಅಲ್ಪಾವಧಿಯಲ್ಲಿ ಅಪಾರ ಎಣ್ಣೆ ಹೋಗುತ್ತದೆ. ಮತ್ತೊಂದು ಪಾಳಯದ ದೋಷಗಳು ನಿಧಾನದವು. ಎಂಜಿನ್ನು ನಿಂತ ಮೇಲೂ ಜಿನುಗುತ್ತವೆ. ಆದುದರಿಂದ, ಓಡುವಾಗ ಸೋರುತ್ತದೆಯೋ ನಿಂತಾಗ ಸೋರುತ್ತದೆಯೋ, ವೇಗವಾಗಿ ಓಡಿಸಿದ ಮೇಲೆ ಹೆಚ್ಚೋ, ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದಾಗ ಹೆಚ್ಚೋ ಎಂಬ ಪ್ರಶ್ನೆಗಳಿಗೆ ಯಜಮಾನನು ಗಮನಿಸಿ ಕೊಡುವ ಉತ್ತರ, ಮೆಕ್ಯಾನಿಕ್ಕನು ಗಾಡಿಯ ಕೆಳಗೆ ತೂರಿ ಕಳೆಯುವ ಒಂದು ಗಂಟೆಗಿಂತ ಹೆಚ್ಚಿನ ಬೆಲೆಯುಳ್ಳದ್ದಾಗಬಹುದು.

ಎಣ್ಣೆ ಬಿದ್ದ ಸ್ಥಾನವೇ ಎಣ್ಣೆ ಹೊರಟ ಸ್ಥಾನವೆಂದು ನಂಬುವುದೇ ಈ ಕೆಲಸದಲ್ಲಿ ಅತ್ಯಂತ ಸಾಮಾನ್ಯವಾದ ಭ್ರಮೆ. ಮಳೆಗಾಲದಲ್ಲಿ ಹಂಚಿನ ಮನೆಯ ನಡುಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲಕ್ಕೆ ಹತ್ತಿ ನೋಡಿದರೆ ಹಂಚು ಅಖಂಡವಾಗಿರುತ್ತದೆ, ಒಡೆದ ಹಂಚು ಸೂರಿನ ಮೇಲ್ತುದಿಯಲ್ಲೆಲ್ಲೋ ಇದ್ದು ನೀರು ರೀಪಿನ ಗುಂಟ ಇಳಿದು ಬಂದಿರುತ್ತದೆ. ಎಂಜಿನ್ನಿನ ಎಣ್ಣೆಯ ನಡತೆಯೂ ಹಾಗೆಯೇ. ಅದು ಕೆಳಕ್ಕೆ ಇಳಿಯುವುದಲ್ಲದೆ, ಫ್ಯಾನಿನ ಗಾಳಿಗೂ ಗಾಡಿಯ ಓಟದ ಗಾಳಿಗೂ ಸಿಕ್ಕಿ ಹಿಂದಕ್ಕೆ ತೆವಳುತ್ತದೆ. ಇಂತಹ ಹಳೆಯ ಗಾಡಿಗಳಲ್ಲಿ ಎಂಜಿನ್ನನ್ನು ಕೊಂಚ ಹಿಂದಕ್ಕೆ ವಾಲಿಸಿ ಕೂರಿಸುತ್ತಿದ್ದುದರಿಂದ, ಎಲ್ಲ ದಾರಿಗಳೂ ಕಟ್ಟಕಡೆಗೆ ಗೇರ್ ಬಾಕ್ಸಿನ ಸಂಧಿಯಲ್ಲಿರುವ ಬೆಲ್ ಹೌಸಿಂಗಿನ ತಳಕ್ಕೇ ಬಂದು ಸೇರುತ್ತವೆ. ಅಲ್ಲಿ ಹನಿ ಕಂಡವನು "ಹಿಂದಿನ ಸೀಲ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದು ತೀರ್ಪು ಕೊಟ್ಟುಬಿಡುತ್ತಾನೆ. ಇಳಿಸುವ ಮೊದಲು ಮಾಡಬೇಕಾದುದು ತೊಳೆಯುವುದು. ಸೀಮೆಎಣ್ಣೆಯಲ್ಲದಿದ್ದರೆ ಡೀಸೆಲ್ಲು, ಒಂದು ಬಿರುಸಾದ ಬ್ರಷ್ಷು, ಕೊನೆಗೆ ಸಾಬೂನಿನ ನೀರು. ವಿದ್ಯುತ್ತಿನ ಭಾಗಗಳನ್ನು ಮುಚ್ಚಿ, ತಂಪಾದ ಎಂಜಿನ್ನಿನ ಹೊರಮೈಯನ್ನು ಮೇಲಿನಿಂದ ಕೆಳಗಿನವರೆಗೆ ನಿಶ್ಶೇಷವಾಗಿ ಶುಚಿಗೊಳಿಸಿ ಒಣಗಿಸಬೇಕು. ಅನಂತರ ಸಂದೇಹವಿರುವ ಸಂಧಿಗಳ ಮೇಲೆ ಮುಖಕ್ಕೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿದರೆ, ಬಿಳಿಯ ಪುಡಿಯ ಮೇಲೆ ಎಣ್ಣೆಯ ರೇಖೆ ತನ್ನ ಮೂಲದಿಂದ ಹೊರಟು ಇಳಿಯುವುದು ಬರಿಗಣ್ಣಿಗೆ ಕಾಣುತ್ತದೆ. ಎಣ್ಣೆಗೆ ಬೆರೆಸುವ ಹೊಳೆಯುವ ಬಣ್ಣವೂ ಅದನ್ನು ತೋರಿಸುವ ನೇರಳಾತೀತ ದೀಪವೂ ಈಗ ಸುಲಭವಾಗಿ ಸಿಗುತ್ತವೆ. ಕಾಣದ ಮೂಲೆಗಳಲ್ಲಿ ಅವು ಪುಡಿಗಿಂತ ಪ್ರಯೋಜನಕಾರಿ.

ಸೋರುತ್ತಿರುವುದು ಎಂಜಿನ್ ಎಣ್ಣೆಯೇ ಹೌದೆ ಎಂಬುದನ್ನೂ ನಿರ್ಧರಿಸಿಕೊಳ್ಳಬೇಕು. ಗೇರ್ ಎಣ್ಣೆಗಳಲ್ಲಿ ಗಂಧಕದ ಸಂಯುಕ್ತಗಳನ್ನು ಸೇರಿಸಿರುವುದು ವಾಡಿಕೆಯಾದುದರಿಂದ ಅವುಗಳ ವಾಸನೆ ಬೇರೆಯಾಗಿರುತ್ತದೆ. ಬ್ರೇಕಿನ ದ್ರವ ಬೆರಳಿಗೆ ಜಿಡ್ಡೆನಿಸಿದರೂ ನೀರಿನಲ್ಲಿ ಕರಗಿಹೋಗುತ್ತದೆ. ಜೊತೆಗೆ ಡಿಪ್ ಸ್ಟಿಕ್ಕನ್ನು ತೆಗೆದು ಮಟ್ಟವನ್ನು ನೋಡತಕ್ಕದ್ದು, ಏಕೆಂದರೆ ಜೀರ್ಣೋದ್ಧಾರದ ಸಂಭ್ರಮದಲ್ಲಿ ಎಣ್ಣೆಯನ್ನು ಮಿತಿಮೀರಿ ತುಂಬಿರುವುದು ಅಪರೂಪವಲ್ಲ, ಮತ್ತು ಹಾಗೆ ತುಂಬಿದಾಗ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸಿ, ಒಳ್ಳೆಯ ಸೀಲುಗಳ ಮೂಲಕವೂ ಹೊರಕ್ಕೆ ಹಾಕುತ್ತದೆ.

ಹುಡುಕಾಟವನ್ನು ಯಾವಾಗಲೂ ಮೇಲಿನಿಂದ ಆರಂಭಿಸುವುದು ವಿಹಿತ. ಈ ಎಂಜಿನ್ನಿನಲ್ಲಿ ಮೊದಲು ಕಾಣುವುದು ಟ್ಯಾಪೆಟ್ ಕವರು ಎಂದು ನಮ್ಮವರು ಕರೆಯುವ ಮೇಲಿನ ತಗಡಿನ ಮುಚ್ಚಳ. ಅದರ ಬೆಂಡಿನ ಪ್ಯಾಕಿಂಗ್ ಓರೆಯಾಗಿ ಕುಳಿತಿದ್ದರೆ ಬೆರಳಿನಿಂದಲೇ ತಿಳಿಯಬಹುದು. ಅದಕ್ಕಿಂತ ಕಪಟವಾದವು, ಮ್ಯಾನಿಫೋಲ್ಡುಗಳ ಕೆಳಗೆ ಬ್ಲಾಕಿನ ಎಡಪಕ್ಕದಲ್ಲಿ ಅಡಗಿರುವ ಎರಡು ಚಿಕ್ಕ ಮುಚ್ಚಳಗಳು. ಪುಷ್ ರಾಡುಗಳ ಕೋಣೆಯನ್ನು ಮುಚ್ಚುವ ಇವುಗಳಲ್ಲಿ ಪ್ರತಿಯೊಂದನ್ನೂ ನಡುವಿನ ಒಂದೇ ಬೋಲ್ಟು ಹಿಡಿದಿರುತ್ತದೆ. ಸೋರುತ್ತಿದೆಯೆಂದು ಆ ಬೋಲ್ಟನ್ನು ಬಿಗಿದಷ್ಟೂ ತೆಳುವಾದ ತಗಡು ನಡುವೆ ತಗ್ಗಿ ಅಂಚಿನಲ್ಲಿ ಏಳುತ್ತದೆ, ಸೋರಿಕೆ ಹೆಚ್ಚುತ್ತದೆ. ಮ್ಯಾನಿಫೋಲ್ಡು ಅಡ್ಡವಿರುವುದರಿಂದ ಇವು ಕಣ್ಣಿಗೆ ಬೀಳುವುದಿಲ್ಲ; ಇಲ್ಲಿಂದ ಇಳಿದ ಎಣ್ಣೆ ಬ್ಲಾಕಿನ ಪಕ್ಕಕ್ಕೆ ಅಂಟಿಕೊಂಡೇ ಹಿಂದಕ್ಕೆ ಹೋಗಿ, ಹಿಂದಿನ ಬೇರಿಂಗಿನ ಮೇಲೆ ಅಪವಾದ ಹೊರಿಸುತ್ತದೆ. ಕೆಲವು ರೂಪಾಯಿಯ ಎರಡು ಪ್ಯಾಕಿಂಗುಗಳ ದೋಷಕ್ಕಾಗಿ ಇಡೀ ಎಂಜಿನ್ನನ್ನು ಇಳಿಸಿದ ಸಂದರ್ಭಗಳು ವರ್ಕ್‌ಷಾಪುಗಳ ಪರಿಚಯವುಳ್ಳವರಿಗೆ ಹೊಸದಾಗಿ ಹೇಳಬೇಕಾದವಲ್ಲ. ಮುಚ್ಚಳದ ಅಂಚನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ, ಬಾಗಿದ್ದರೆ ನಿಧಾನವಾಗಿ ಬಡಿದು ಸಮಮಾಡಿ, ಹೊಸ ಪ್ಯಾಕಿಂಗನ್ನು ಮುಚ್ಚಳಕ್ಕೆ ಮಾತ್ರ ಅಂಟಿಸಿ, ಬೋಲ್ಟಿನ ತಲೆಯ ಕೆಳಗಿನ ವಾಷರನ್ನೂ ಮರೆಯದೆ ಬದಲಿಸಿದರೆ ಸಾಕು.

ಫಿಲ್ಟರಿನ ವಿಷಯದಲ್ಲಿ ಒಂದೇ ಮಾತು. ಬಟ್ಟಲಿನೊಳಗೆ ಕಾಗದದ ಎಲಿಮೆಂಟನ್ನು ಇಡುವ ಹಳೆಯ ಬಗೆಯ ಫಿಲ್ಟರಿನಲ್ಲಿ, ಬಟ್ಟಲಿನ ಅಂಚು ಕೂರುವ ತೋಡಿನೊಳಗೆ ಹಿಂದಿನ ರಬ್ಬರ್ ಉಂಗುರ ಗಟ್ಟಿಯಾಗಿ ಕಪ್ಪಾಗಿ ಲೋಹದಂತೆಯೇ ಕಾಣುತ್ತಿರುತ್ತದೆ. ಅದನ್ನು ಸೂಜಿಯಿಂದ ಕಿತ್ತು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದರೆ, ಮೊದಲ ಸ್ಟಾರ್ಟಿನಲ್ಲಿಯೇ ಒತ್ತಡದ ಎಣ್ಣೆ ಧಾರೆಯಾಗಿ ಹೊರಬರುತ್ತದೆ. ಇಂದಿನ ತಿರುಗಿಸಿ ಕೂರಿಸುವ ಫಿಲ್ಟರುಗಳಲ್ಲಿಯೂ ಇದೇ ಪ್ರಮಾದ ನಡೆಯುವುದುಂಟು. ತಾಮ್ರದ ವಾಷರುಗಳನ್ನು ಮತ್ತೆ ಬಳಸಲೇಬೇಕಾದಲ್ಲಿ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ ಮೆದುಗೊಳಿಸಿಕೊಳ್ಳಬೇಕು.

ಈಗ ಬಲದ ವಿಚಾರ. ಪಿಸ್ಟನ್ನಿನ ಮೇಲೆ ಉರಿಯುವ ಅನಿಲದಲ್ಲಿ ಒಂದು ಅಲ್ಪಾಂಶ, ರಿಂಗುಗಳು ಎಷ್ಟೇ ಚೆನ್ನಾಗಿದ್ದರೂ, ಅವುಗಳ ಪಕ್ಕದಿಂದ ನುಸುಳಿ ಕ್ರ್ಯಾಂಕ್ ಕೇಸಿಗೆ ಇಳಿಯುತ್ತದೆ. ಅದಕ್ಕೆ ಹೊರಹೋಗಲು ಸರಿಯಾದ ದಾರಿಯಿಲ್ಲದಿದ್ದರೆ ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗುತ್ತದೆ, ಮತ್ತು ಆ ಒತ್ತಡ ಪ್ರತಿಯೊಂದು ಸಂಧಿಯ ಬಳಿಯೂ ನಿಂತಿರುವ ಎಣ್ಣೆಯನ್ನು ಹೊರಕ್ಕೆ ನೂಕುತ್ತದೆ. ಹೊಸದಾಗಿ ಬೋರಿಂಗ್ ಆದ ಎಂಜಿನ್ನಿನಲ್ಲಿ ರಿಂಗುಗಳು ಸಿಲಿಂಡರಿನ ಗೋಡೆಯ ಮೇಲೆ ಇನ್ನೂ ಕೂರದೆ ಇರುವುದರಿಂದ ಇಂತಹ ಅನಿಲದ ನುಸುಳಿಕೆ ಆರಂಭದಲ್ಲಿ ಹೆಚ್ಚು; "ನಾಲ್ಕು ದಿನ ಓಡಲಿ" ಎಂಬ ಮೆಕ್ಯಾನಿಕ್ಕನ ಮಾತಿನಲ್ಲಿರುವ ಸತ್ಯಾಂಶ ಇದೇ. ಹೋನಿಂಗ್ ಮಾಡುವಾಗ ಗೋಡೆಯ ಮೇಲೆ ಮೂಡಿಸಿದ, ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳ ಮೇಲೆ ರಿಂಗುಗಳು ಸವೆದು ಹೊಂದಿಕೊಳ್ಳಬೇಕಾದರೆ ಎಂಜಿನ್ನಿನ ಮೇಲೆ ಮಿತವಾದ ಭಾರ ಬೀಳಬೇಕು. ವೇಗವನ್ನು ಏರಿಸುತ್ತ ಇಳಿಸುತ್ತ ರಸ್ತೆಯ ಮೇಲೆ ಓಡಿಸಬೇಕು. ಹೊಸ ಎಂಜಿನ್ನಿಗೆ ನೋವಾಗಬಾರದೆಂಬ ಅತಿಪ್ರೀತಿಯಿಂದ ಅದನ್ನು ಅಂಗಳದಲ್ಲಿ ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಟ್ಟರೆ, ಗೋಡೆಗೆ ಗಾಜಿನಂತಹ ನುಣುಪು ಬಂದು ರಿಂಗುಗಳು ಎಂದೆಂದಿಗೂ ಕೂರದೆ ಹೋಗಬಹುದು. ಆಗ ನಾಲ್ಕು ದಿನವಲ್ಲ, ನಾಲ್ಕು ತಿಂಗಳು ಕಾದರೂ ಸೋರಿಕೆ ನಿಲ್ಲುವುದಿಲ್ಲ.

ಅನಿಲ ಹೊರಹೋಗುವ ದಾರಿಗೆ ಬ್ರೀದರ್ ಎಂದು ಹೆಸರು. ಹಳೆಯ 'ಬಿ' ಶ್ರೇಣಿಯಲ್ಲಿ, ಮೇಲೆ ಹೇಳಿದ ಪಕ್ಕದ ಮುಚ್ಚಳಗಳಲ್ಲಿ ಮುಂದಿನದಕ್ಕೆ ಜೋಡಿಸಿದ ಕೊಳವೆಯೊಂದು ಕೆಳಮುಖವಾಗಿ ಇಳಿದಿರುತ್ತದೆ. ಗಾಡಿ ಓಡುವಾಗ ಕೆಳಗೆ ಬೀಸುವ ಗಾಳಿ ಅದರ ಬಾಯಿಯಲ್ಲಿ ಎಳೆತವನ್ನುಂಟುಮಾಡಿ ಒಳಗಿನ ಅನಿಲವನ್ನು ಸೆಳೆಯುತ್ತದೆ. ಎಂಜಿನ್ನಿನ ಒಳಭಾಗವನ್ನೆಲ್ಲ ಹೊಸದು ಮಾಡಿದ ಕೆಲಸಗಾರರು, ನೋಡಲು ತಗಡಿನ ತುಂಡಿನಂತಿರುವ ಈ ಕೊಳವೆಯನ್ನು ವರ್ಷಗಳ ಕಿಟ್ಟದ ಸಮೇತ ಹಾಗೆಯೇ ಮತ್ತೆ ಕೂರಿಸಿರುವುದುಂಟು. ಇದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ನೆನೆಸಿ, ಊದಿ ನೋಡುವುದು ಅರ್ಧಗಂಟೆಯ ಕೆಲಸ. ಖರ್ಚು ಏನೂ ಇಲ್ಲ. ಆದುದರಿಂದ, ಯಾವ ಸೀಲನ್ನು ಮುಟ್ಟುವ ಮೊದಲೂ ಬ್ರೀದರನ್ನು ಪರೀಕ್ಷಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒತ್ತಡವನ್ನು ಅಳೆಯಬೇಕೆಂದರೆ, ಪಾರದರ್ಶಕವಾದ ಪ್ಲಾಸ್ಟಿಕ್ ಕೊಳವೆಯನ್ನು ಬಾಗಿಸಿ ನೇತುಹಾಕಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್ ಸ್ಟಿಕ್ಕಿನ ರಂಧ್ರಕ್ಕೆ ಭದ್ರವಾಗಿ ಸಿಕ್ಕಿಸಿ ಎಂಜಿನ್ನನ್ನು ಓಡಿಸಬೇಕು. ಎರಡು ಭುಜಗಳಲ್ಲಿಯೂ ನೀರು ಹೆಚ್ಚುಕಡಿಮೆ ಸಮವಾಗಿ ನಿಂತರೆ ಬ್ರೀದರು ಸರಿಯಾಗಿದೆ. ಹೊರಭುಜದ ನೀರು ಏರುತ್ತ ಹೋದರೆ ದಾರಿ ಕಟ್ಟಿದೆ, ಇಲ್ಲವೆ ರಿಂಗುಗಳಿಂದ ಅನಿಲ ಮಿತಿಮೀರಿ ಇಳಿಯುತ್ತಿದೆ. ಎರಡನೆಯದೇ ಆದರೆ ಕಂಪ್ರೆಷನ್ ಪರೀಕ್ಷೆ ಯಾವ ಸಿಲಿಂಡರಿನಲ್ಲಿ ಎಂಬುದನ್ನು ತಿಳಿಸುತ್ತದೆ.

ಇಷ್ಟಾದ ಮೇಲೂ ಬೆಲ್ ಹೌಸಿಂಗಿನ ತಳದಿಂದ ಎಣ್ಣೆ ಬೀಳುತ್ತಿದ್ದರೆ ಹಿಂದಿನ ಮೇನ್ ಬೇರಿಂಗಿನ ಕಡೆಗೆ ತಿರುಗಬೇಕು. ಅಲ್ಲಿರುವ ರಚನೆಯನ್ನು ತಿಳಿಯದೆ "ಸೀಲ್ ಕೊಡಿ" ಎಂದು ಅಂಗಡಿಗೆ ಹೋಗುವವರಿದ್ದಾರೆ. ಮೂರು ಬೇರಿಂಗಿನ ಈ ಎಂಜಿನ್ನಿನ ಮೂಲವಿನ್ಯಾಸದಲ್ಲಿ ಅಲ್ಲಿ ರಬ್ಬರಿನ ಸೀಲೇ ಇಲ್ಲ. ಬದಲಾಗಿ ಕ್ರ್ಯಾಂಕಿನ ಹಿಂದುದಿಯ ಮೈಮೇಲೆ ತಿರುಪಿನ ಸುಳಿಯಂತಹ ತೋಡನ್ನು ಕಡೆದಿದ್ದಾರೆ. ಬ್ಲಾಕಿನ ಕಡೆಯ ಮೇಲಿನ ಅರ್ಧ, ಬೇರಿಂಗ್ ಕ್ಯಾಪಿನ ಕೆಳಗಿನ ಅರ್ಧ, ಇವೆರಡೂ ಸೇರಿ ಈ ಸುಳಿಯನ್ನು ತಾಗದಂತೆ, ಆದರೆ ಕೂದಲೆಳೆಯ ಅಂತರದಲ್ಲಿ ಸುತ್ತುವರಿದಿರುತ್ತವೆ. ಕ್ರ್ಯಾಂಕು ತಿರುಗುವಾಗ ಸುಳಿಯೂ ತಿರುಗಿ, ಬೇರಿಂಗಿನಿಂದ ಹೊರಕ್ಕೆ ತೆವಳಿ ಬರುವ ಎಣ್ಣೆಯನ್ನು, ಆರ್ಕಿಮಿಡೀಸನ ತಿರುಪು ನೀರನ್ನು ಸಾಗಿಸುವ ತತ್ತ್ವದಂತೆಯೇ, ಒಳಕ್ಕೆ ಮರಳಿಸಿ ಚೇಂಬರಿಗೆ ಕಳುಹಿಸುತ್ತದೆ. ಸವೆಯುವ ರಬ್ಬರಿಲ್ಲ, ಉಜ್ಜುವ ಮೈಯಿಲ್ಲ. ಇದರ ಸರಳತೆಯನ್ನು ನೋಡಿದಾಗ ವಿನ್ಯಾಸಕಾರರ ಬುದ್ಧಿಗೆ ಗೌರವವುಂಟಾಗುತ್ತದೆ. ಆದರೆ ಇದು ಕೆಲಸ ಮಾಡುವುದು ಕ್ರ್ಯಾಂಕು ತಿರುಗುವಾಗ ಮಾತ್ರ. ಎಂಜಿನ್ನು ನಿಂತ ಮೇಲೆ ಬೇರಿಂಗಿನಲ್ಲಿ ಉಳಿದ ಎಣ್ಣೆಯ ಕೆಲವು ಹನಿಗಳು ಹೊರಬರುವುದು, ಅದರಲ್ಲಿಯೂ ಗಾಡಿಯನ್ನು ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದಾಗ, ಈ ರಚನೆಯ ಸ್ವಭಾವ. ಅದನ್ನು ದೋಷವೆಂದು ಎಣಿಸತಕ್ಕದ್ದಲ್ಲ. ಓಡಿಸಿದ ಮೇಲೆ ಎರಡು ಮೂರು ಹನಿ ಬಿದ್ದು ನಿಂತರೆ ಸಹಿಸಬೇಕು. ಓಡುವಾಗಲೇ ಬೀಳುತ್ತಿದ್ದರೆ, ಕ್ಲಚ್ಚು ಜಾರುತ್ತಿದ್ದರೆ, ಬಿಚ್ಚಿದಾಗ ಫ್ಲೈವೀಲಿನ ಮುಖದ ಮೇಲೆ ನಡುವಿನಿಂದ ಅಂಚಿಗೆ ಹರಡಿದ ಎಣ್ಣೆಯ ರೇಖೆಗಳು ಕಂಡರೆ, ಆಗ ದೋಷವಿದೆ.

ಆ ದೋಷ ಬಹುಮಟ್ಟಿಗೆ ಲೇತಿನ ಅಂಗಡಿಯಲ್ಲಿ ಹುಟ್ಟುತ್ತದೆ. ಬ್ಲಾಕಿನ ಮೇನ್ ಬೇರಿಂಗಿನ ರಂಧ್ರಗಳನ್ನು ಒಂದೇ ಸಾಲಿಗೆ ತರಲು ಕ್ಯಾಪುಗಳ ಮುಖವನ್ನು ಉಜ್ಜಿ ಮತ್ತೆ ಬೋರ್ ಮಾಡಿದರೆ ಕ್ರ್ಯಾಂಕಿನ ಕೇಂದ್ರ ಕೊಂಚ ಮೇಲಕ್ಕೆ ಸರಿಯುತ್ತದೆ. ಸುಳಿ ಒಂದು ಕಡೆ ಸುತ್ತಿನ ಗೋಡೆಯನ್ನು ತಾಗಿ ಅದನ್ನು ಕೊರೆಯುತ್ತದೆ, ಇನ್ನೊಂದು ಕಡೆ ಅಂತರ ಹಿಗ್ಗುತ್ತದೆ, ಹಿಗ್ಗಿದ ಅಂತರದಲ್ಲಿ ತಿರುಪಿನ ಶಕ್ತಿ ನಡೆಯುವುದಿಲ್ಲ. ಬೇರಿಂಗಿನಲ್ಲಿಯೇ ಸಡಿಲ ಹೆಚ್ಚಾಗಿ ಉಳಿದಿದ್ದರೆ, ಸುಳಿ ಮರಳಿಸಬಲ್ಲುದಕ್ಕಿಂತ ಹೆಚ್ಚಿನ ಎಣ್ಣೆ ಅಲ್ಲಿಗೆ ಬರುತ್ತದೆ. ಇನ್ನು ಮೂರನೆಯ ಕಾರಣ ಅತ್ಯಂತ ದುಃಖಕರವಾದುದು: ಸೋರದಿರಲೆಂದು ಹಿಂದಿನ ಕ್ಯಾಪಿನ ಮುಖಕ್ಕೆ ದಪ್ಪವಾಗಿ ಬಳಿದ ಸೀಲಂಟು ಹಿಂಡಿ ಒಳಗೆ ಬಂದು, ಎಣ್ಣೆ ಚೇಂಬರಿಗೆ ಮರಳುವ ದಾರಿಯನ್ನೇ ಮುಚ್ಚಿಬಿಡುತ್ತದೆ. ಇವುಗಳನ್ನು ತಪ್ಪಿಸುವ ಕಾಲವೆಂದರೆ ಜೋಡಿಸುವ ಮೊದಲು. ಖಾಲಿ ಬ್ಲಾಕಿಗೆ ಕ್ರ್ಯಾಂಕನ್ನು ಕೂರಿಸಿ, ಕ್ಯಾಪುಗಳನ್ನು ಪೂರ್ತಿ ಬಿಗಿದು, ಸುಳಿಯ ಸುತ್ತಲೂ ಫೀಲರ್ ಗೇಜಿನಿಂದ ಅಂತರವನ್ನು ನೋಡಿ, ಕೈಯಿಂದ ಸರಾಗವಾಗಿ ತಿರುಗುವುದೆ ಎಂದು ಪರೀಕ್ಷಿಸಿದ ಮೇಲಲ್ಲವೆ ಪಿಸ್ಟನ್ನುಗಳನ್ನು ಹಾಕಬೇಕಾದುದು? ಎಂಜಿನ್ನನ್ನು ಕೆಲಸಕ್ಕೆ ಕೊಡುವ ಯಜಮಾನನು ಈ ಒಂದು ಪರೀಕ್ಷೆಯನ್ನು ತನ್ನೆದುರಿಗೆ ಮಾಡಿ ತೋರಿಸಬೇಕೆಂದು ಕೇಳುವುದರಲ್ಲಿ ಯಾವ ಅವಿಶ್ವಾಸವೂ ಇಲ್ಲ.

ಮುಂಭಾಗದಲ್ಲಿ ಟೈಮಿಂಗ್ ಚೈನಿನ ಕವರಿನೊಳಗೆ ಸೀಲುಂಟು. ಕವರನ್ನು ಮೊದಲೇ ಬಿಗಿದು ಅನಂತರ ಪುಲಿಯನ್ನು ಬಡಿದು ಕೂರಿಸಿದರೆ ಸೀಲು ಕೇಂದ್ರ ತಪ್ಪಿ ಒಂದು ಬದಿಗೆ ಒತ್ತುತ್ತದೆ; ಕವರನ್ನು ಸಡಿಲವಾಗಿ ನಿಲ್ಲಿಸಿ, ಪುಲಿಯ ಕತ್ತಿಗೆ ಎಣ್ಣೆ ಸವರಿ ಒಳಕ್ಕೆ ಸರಿಸಿ, ಪುಲಿಯೇ ಸೀಲನ್ನು ನಡುವಿಗೆ ತಂದ ಮೇಲೆ ಬೋಲ್ಟುಗಳನ್ನು ಬಿಗಿಯುವುದು ಕ್ರಮ. ಒಳಗಿರುವ ಎಣ್ಣೆ ಎರಚುವ ತಟ್ಟೆಯನ್ನು ಹಿಂದುಮುಂದಾಗಿ ಹಾಕಿದರೂ ಇಲ್ಲಿ ಸೋರುತ್ತದೆ. ಆ ತಟ್ಟೆಯ ಮೇಲೆ ಮುಂಭಾಗವನ್ನು ಸೂಚಿಸುವ ಗುರುತು ಇರುತ್ತದೆ. ಹಳೆಯ ಪುಲಿಯ ಕತ್ತಿನಲ್ಲಿ ಸೀಲು ಉಜ್ಜಿ ಉಜ್ಜಿ ಗೆರೆಯ ಹಳ್ಳ ಬಿದ್ದಿದ್ದರೆ, ಅದರ ಮೇಲೆ ಎಷ್ಟು ಹೊಸ ಸೀಲು ಹಾಕಿದರೂ ವ್ಯರ್ಥ. ಕಾಲು ಮಿಲಿಮೀಟರಿನಷ್ಟು ತೆಳುವಾದ ಉಕ್ಕಿನ ತೋಳನ್ನು ಅದರ ಮೇಲೆ ತೊಡಿಸುವ ಉಪಾಯ ಈಗ ಬಳಕೆಯಲ್ಲಿದೆ. ಸೀಲನ್ನು ಒಂದೆರಡು ಮಿಲಿಮೀಟರು ಒಳಗೆ ಅಥವಾ ಹೊರಗೆ ಕೂರಿಸಿ ಸವೆಯದ ಮೈಯನ್ನು ಬಳಸಿಕೊಳ್ಳುವುದು ಅದಕ್ಕಿಂತ ಹಳೆಯ ಉಪಾಯ. ಇಂದಿನ ಕಾರುಗಳಲ್ಲಿ ಹಿಂಭಾಗಕ್ಕೂ ಇಂತಹ ತುಟಿಯ ಸೀಲೇ ಇರುತ್ತದೆ, ಮತ್ತು ಅವುಗಳಲ್ಲಿ ಕೆಲವನ್ನು ಎಣ್ಣೆ ಸವರದೆ ಒಣಗಿದಂತೆಯೇ ಕೂರಿಸಬೇಕೆಂಬ ನಿಯಮವಿರುವುದರಿಂದ, ಸೀಲಿನ ಜೊತೆಗೆ ಬರುವ ಕಾಗದವನ್ನು ಓದದೆ ಹಳೆಯ ಅಭ್ಯಾಸದಂತೆ ನಡೆಯುವುದು ಅಪಾಯ.

ಚೇಂಬರಿನ ಪ್ಯಾಕಿಂಗಿಗೆ ಬಂದರೆ, ಅಲ್ಲಿ ಶತ್ರುವೆಂದರೆ ತೋಳಿನ ಬಲ. ಈ ಎಂಜಿನ್ನಿನ ಹೆಡ್ಡಿನ ನಟ್ಟುಗಳಿಗೆ 6ರಿಂದ 7 ಕಿಲೋಗ್ರಾಂ-ಮೀಟರಿನಷ್ಟು ಬಿಗಿತ ಬೇಕಾದರೆ, ಚೇಂಬರಿನ ಬೋಲ್ಟುಗಳಿಗೆ ಒಂದು ಕಿಲೋಗ್ರಾಂ-ಮೀಟರೂ ಬೇಡ. ಅತಿಯಾಗಿ ಬಿಗಿದಾಗ ಬೆಂಡು ಹಿಂಡಿ ಹೊರಬಂದು ಹರಿಯುತ್ತದೆ, ತಗಡು ಪ್ರತಿಯೊಂದು ಬೋಲ್ಟಿನ ಸುತ್ತಲೂ ತಗ್ಗುತ್ತದೆ, ಎರಡು ಬೋಲ್ಟುಗಳ ನಡುವೆ ಕಮಾನಿನಂತೆ ಏಳುತ್ತದೆ. ಹಳೆಯ ಚೇಂಬರನ್ನು ಮತ್ತೆ ಹಾಕುವ ಮೊದಲು ಮರದ ದಿಮ್ಮಿಯ ಮೇಲಿಟ್ಟು ಆ ತಗ್ಗುಗಳನ್ನು ಒಳಗಿನಿಂದ ಬಡಿದು ಸಮಗೊಳಿಸದಿದ್ದರೆ ಯಾವ ಪ್ಯಾಕಿಂಗೂ ನಿಲ್ಲದು. ಮುಂದಿನ ಮತ್ತು ಹಿಂದಿನ ಬೇರಿಂಗ್ ಕ್ಯಾಪುಗಳ ಕೆಳಗೆ ಕಮಾನಿನಂತೆ ಕೂರುವ ಬೆಂಡಿನ ಪಟ್ಟಿಗಳ ತುದಿಗಳು ಪಕ್ಕದ ಪ್ಯಾಕಿಂಗನ್ನು ಸೇರುವ ನಾಲ್ಕು ಮೂಲೆಗಳಲ್ಲಿ ಮಾತ್ರ ಸಿಲಿಕೋನ್ ಸೀಲಂಟಿನ ಒಂದು ಸಣ್ಣ ತೊಟ್ಟು ಸಾಕು. ಹೊರಗೆ ಧಾರಾಳವಾಗಿ ಉಬ್ಬಿ ಕಾಣುವ ಸೀಲಂಟು ಒಳಗೂ ಅಷ್ಟೇ ಉಬ್ಬಿರುತ್ತದೆ. ಅದು ಕಿತ್ತು ಎಣ್ಣೆಗೆ ಬಿದ್ದು ಪಂಪಿನ ಜಾಲರಿಯನ್ನು ಕಟ್ಟಿದರೆ ಸೋರಿಕೆಯ ಬದಲಿಗೆ ಬೇರಿಂಗೇ ಹೋಗುತ್ತದೆ. ಮೊದಲ ಐನೂರು ಕಿಲೋಮೀಟರಿನ ಬಳಿಕ, ತಂಪಾದ ಎಂಜಿನ್ನಿನಲ್ಲಿ, ಬೆಂಡಿನ ಸಂಧಿಗಳನ್ನೆಲ್ಲ ಒಂದು ಸುತ್ತು ಮೃದುವಾಗಿ ಬಿಗಿದು ನೋಡುವುದು ಅವಶ್ಯ, ಏಕೆಂದರೆ ಬಿಸಿ ಕಂಡ ಬೆಂಡು ಕುಗ್ಗುತ್ತದೆ.

ಹಿಂದಿನ ಸುಳಿಯ ಜಾಗದಲ್ಲಿ ತುಟಿಯ ಸೀಲನ್ನು ಕೂರಿಸುವ ಪರಿವರ್ತನೆಯ ಸಾಮಗ್ರಿಗಳನ್ನು ಇದೇ ವಂಶದ ಎಂಜಿನ್ನುಳ್ಳ ಇಂಗ್ಲಿಷ್ ಸ್ಪೋರ್ಟ್ಸ್ ಕಾರುಗಳ ಅಭಿಮಾನಿಗಳು ಬಳಸುತ್ತಾರೆ, ಮತ್ತು ಅವುಗಳನ್ನು ಅಂಬಾಸಡರಿಗೂ ಹಾಕಿಸಬಹುದೆ ಎಂದು ಇತ್ತೀಚೆಗೆ ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ, ಬ್ರೀದರು ಶುಚಿಯಾಗಿದ್ದು, ಪಕ್ಕದ ಮುಚ್ಚಳಗಳು ಒಣಗಿದ್ದು, ಬೇರಿಂಗಿನ ಅಳತೆ ಸರಿಯಾಗಿದ್ದೂ ಕ್ಲಚ್ಚಿಗೆ ಎಣ್ಣೆ ಹೋಗುತ್ತಿದ್ದರೆ ಮಾತ್ರ ಅದನ್ನು ಯೋಚಿಸಬೇಕು; ಯೋಚಿಸಿದರೂ, ಕ್ಲಚ್ ಪ್ಲೇಟಿನ ಬದಲಾವಣೆಗಾಗಿ ಹೇಗೂ ಎಂಜಿನ್ನನ್ನು ಇಳಿಸುವ ಸಮಯ ಬಂದಾಗ, ಕ್ರ್ಯಾಂಕಿನ ಹಿಂದುದಿಯ ಮೈ ಸೀಲು ಉಜ್ಜಲು ತಕ್ಕಷ್ಟು ನುಣುಪಾಗಿದೆಯೆ ಎಂದು ಅಳೆದು ನೋಡಿದ ಮೇಲೆಯೇ ಕೈಹಾಕುವುದು ಲೇಸು. ಅಲ್ಲಿಯವರೆಗೆ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕೆಳಗೆ ಒಂದು ತಗಡಿನ ತಟ್ಟೆಯಿಟ್ಟು, ಪ್ರತಿ ವಾರ ಡಿಪ್ ಸ್ಟಿಕ್ಕನ್ನು ನೋಡುತ್ತಿದ್ದರೆ ಆಯಿತು.